ಆನರ್ಸ್ ಹಾಸ್ಟೆಲಿಗೆ ಮಗಳನ್ನು ಕಳಿಸುವ ಮುನ್ನ

ಪ್ರಶ್ನೆ: ನಮ್ಮ ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಚೆನ್ನಾಗಿ ಓದುವವರಿಗೆಂದೇ ಆ ಯೂನಿವರ್ಸಿಟಿಯೊಳಗೆ ಇರುವ ಬ್ಯಾರೆಟ್ ಆನರ್ಸ್ ಕಾಲೇಜಿಗೂ ಆಯ್ಕೆಯಾಗಿದ್ದಾಳೆ. ಮೊದಲ ವರ್ಷ ಆನರ್ಸ್ ಮಕ್ಕಳ ಹಾಸ್ಟೆಲಿನಲ್ಲೇ ಇರಬೇಕಂತೆ. ಓದುವ ಮಕ್ಕಳೇ ಇರುವುದರಿಂದ ಗಲಾಟೆ ಇರುವುದಿಲ್ಲ ಅಲ್ಲವೇ? ಅಂಕ ಕಡಿಮೆಯಾದರೆ ರೂಮು ಬಿಡಿಸುತ್ತಾರೆಯೇ, ವೀಸಾಕ್ಕೆ ತೊಂದರೆಯೇ? ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಚಿಕ್ಕ ಎಲೆಕ್ಟ್ರಿಕ್ ಕುಕ್ಕರ್ ಕಳಿಸಬಹುದೇ? (ದಾವಣಗೆರೆಯ ಓದುಗರು)

ಉತ್ತರ: ಕುಕ್ಕರ್ ಕಳಿಸಬೇಡಿ. ಗಲಾಟೆ ಇರುತ್ತದೆ. ಅಂಕ ಇಳಿದ ಮಾತ್ರಕ್ಕೆ ವೀಸಾ ಹೋಗುವುದಿಲ್ಲ, ಆದರೆ ಅಂಕ ಉಳಿಸಿಕೊಳ್ಳಲು ಹೋಗಿ ವೀಸಾ ಕೆಡಿಸಿಕೊಳ್ಳುವ ದಾರಿಯೊಂದಿದೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲ ವರ್ಷ ಅಲ್ಲಿ ಇರುವುದು ಒಳ್ಳೆಯದೇ. ಎರಡನೇ ವರ್ಷದ್ದು ಆಮೇಲೆ ಬೇರೆಯಾಗಿ ಯೋಚಿಸುವ ವಿಷಯ.

ಮೊದಲು ಆ ಜಾಗ ಹೇಗಿದೆ ಅಂತ ತಿಳಿದಿರಲಿ. ಬ್ಯಾರೆಟ್ ಶುರುವಾದದ್ದು 1988ರಲ್ಲಿ. ಟೆಂಪಿ ಊರಿನ ಕ್ಯಾಂಪಸ್ಸಿನಲ್ಲಿ ಅದಕ್ಕೆಂದೇ ಸುಮಾರು ಒಂಬತ್ತು ಎಕರೆಯ ವಸತಿ ಸಮುಚ್ಚಯ 2009ರಲ್ಲಿ ತೆರೆಯಿತು. ಸುಮಾರು 1,700 ವಿದ್ಯಾರ್ಥಿಗಳಿಗೆ ಜಾಗ. ಅಗಾವೆ, ಕಾಟನ್‌ವುಡ್, ಜುನಿಪರ್, ವಿಲೋ ಅಂತ ಗಿಡಮರಗಳ ಹೆಸರಿನ ಕಟ್ಟಡಗಳು, ನಡುವೆ ಅಂಗಳಗಳು. ಊಟದ ಹಾಲ್, ತರಗತಿ ಕೋಣೆಗಳು, ಆನರ್ಸ್ ಅಧ್ಯಾಪಕರ ಕಚೇರಿಗಳು ಎಲ್ಲ ಅದೇ ಆವರಣದಲ್ಲಿ. ಬೇರೆ ಕಡೆಯೂ ಈ ಪದ್ಧತಿ ಇದೆ. ಪೆನ್ ಸ್ಟೇಟ್‌ನ ಶ್ರಾಯರ್ ಆನರ್ಸ್ ಕಾಲೇಜಿನವರಿಗೆ ಆದರ್ಟನ್ ಮತ್ತು ಸಿಮನ್ಸ್ ಹಾಲ್‌ಗಳಿವೆ, ನ್ಯೂಜೆರ್ಸಿಯ ರಟ್ಗರ್ಸ್ 2015ರಲ್ಲಿ, ಇಂಡಿಯಾನದ ಪರ್ಡ್ಯೂ 2016ರಲ್ಲಿ ಇಂಥದೇ ಕಟ್ಟಡ ತೆರೆದವು. ಅಲ್ಲಿಗೆ ಹೋಗುವವರಿಗೂ ಕೆಳಗಿನ ಬಹುಪಾಲು ಮಾತು ಅನ್ವಯಿಸುತ್ತದೆ.

ಇಷ್ಟು ಸೌಕರ್ಯ ಒಂದೇ ಕಡೆ ಇಟ್ಟಿರುವುದಕ್ಕೆ ಕಾರಣವಿದೆ. ಬ್ಯಾರೆಟ್‌ಗೆ ಹೊಸದಾಗಿ ಸೇರಿದವರು ‘ದ ಹ್ಯೂಮನ್ ಈವೆಂಟ್’ ಎಂಬ ವಿಷಯವನ್ನು ಎರಡು ಸೆಮಿಸ್ಟರ್ ಓದಬೇಕು. ಇಪ್ಪತ್ತರ ಆಸುಪಾಸು ವಿದ್ಯಾರ್ಥಿಗಳ ಸಣ್ಣ ತರಗತಿ. ಹಳೆಯ ಗ್ರಂಥಗಳಿಂದ ಆಧುನಿಕ ಬರಹಗಳವರೆಗೆ ಮನೆಯಲ್ಲಿ ಓದಿಕೊಂಡು ಬಂದು, ದುಂಡಗೆ ಕೂತು ಚರ್ಚೆ ಮಾಡಬೇಕು, ಆಮೇಲೆ ಪ್ರಬಂಧ ಬರೆಯಬೇಕು. ತರಗತಿಯಲ್ಲಿ ಬಾಯಿಬಿಟ್ಟು ಮಾತಾಡುವುದಕ್ಕೂ ಅಂಕವಿದೆ. ನೋಟ್ಸ್ ಬರೆದುಕೊಂಡು, ಬ್ಲೂಪ್ರಿಂಟ್ ನೋಡಿಕೊಂಡು, ಪರೀಕ್ಷೆಯಲ್ಲಿ ತೊಂಬತ್ತೆಂಟು ತೆಗೆದ ನಮ್ಮ ಮಕ್ಕಳು ಮೊದಲು ಎಡವುವುದು ಇಲ್ಲೇ. ಗಣಿತ, ಪ್ರೋಗ್ರಾಮಿಂಗ್ ಅವರಿಗೆ ಕಷ್ಟವಾಗುವುದಿಲ್ಲ, ಮೂರು ವಾರ ಸುಮ್ಮನೆ ಕೂತರೆ ಈ ವಿಷಯದಲ್ಲಿ ಬಿ ಬರುತ್ತದೆ. ಅದೇ ಮಹಡಿಯಲ್ಲಿ ಅದೇ ಪುಸ್ತಕ ಓದುತ್ತಿರುವವರು ಹತ್ತು ಮಂದಿ ಇದ್ದರೆ, ರಾತ್ರಿ ಊಟದ ಮೇಜಿನಲ್ಲಿ ಒಮ್ಮೆ ಮಾತಾಡಿದ್ದನ್ನೇ ಮರುದಿನ ತರಗತಿಯಲ್ಲಿ ಧೈರ್ಯವಾಗಿ ಹೇಳಬಹುದು. ಆ ಹಾಸ್ಟೆಲಿಗೆ ಕೊಡುವ ದುಡ್ಡಿಗೆ ಸಿಗುವ ನಿಜವಾದ ಲಾಭ ಈ ಸಹವಾಸ. ಪ್ರತಿ ತರಗತಿಗೆ ಮುಂಚೆ ಓದಿದ ಪಾಠದಿಂದ ಒಂದು ಪ್ರಶ್ನೆ, ಒಂದು ಪುಟಸಂಖ್ಯೆ ಬರೆದಿಟ್ಟುಕೊಂಡು ಹೋಗಲಿ, ಮೊದಲ ಹತ್ತು ನಿಮಿಷದೊಳಗೆ ಅದನ್ನು ಕೇಳಿಬಿಡಲಿ. ತಡವಾದಷ್ಟೂ ಬಾಯಿ ಕಟ್ಟುತ್ತದೆ.

ಈಗ ಗಲಾಟೆ. ಓದುವವರೆಂದರೆ ಹತ್ತು ಗಂಟೆಗೆ ದೀಪ ಆರಿಸಿ ಮಲಗುವವರಲ್ಲ. ಇಂಥ ಹಾಸ್ಟೆಲುಗಳಲ್ಲಿ ನಡುರಾತ್ರಿ ಒಂದು ಗಂಟೆಗೂ ಲಾಂಜಿನಲ್ಲಿ ಬೋರ್ಡ್ ತುಂಬ ಲೆಕ್ಕ ಬರೆಯುತ್ತ ಗಟ್ಟಿಯಾಗಿ ವಾದಿಸುವವರಿರುತ್ತಾರೆ. ‘ಕ್ವಯಟ್ ಅವರ್ಸ್’ ಎಂಬ ನಿಯಮ ಇರುತ್ತದೆ, ಪರೀಕ್ಷೆಯ ವಾರದಲ್ಲಿ ಅದು ದಿನವಿಡೀ ಜಾರಿ, ಆದರೆ ಜಾರಿ ಮಾಡುವವರು ಎರಡು ಮೂರು ವರ್ಷ ದೊಡ್ಡವರಾದ ವಿದ್ಯಾರ್ಥಿಗಳೇ. ಬೇರೆ ಕಡೆ ಅವರನ್ನು ಆರ್‌ಎ ಎನ್ನುತ್ತಾರೆ, ಅರಿಜೋನಾ ಸ್ಟೇಟ್‌ನಲ್ಲಿ ಸಿಎ, ಅಂದರೆ ಕಮ್ಯೂನಿಟಿ ಅಸಿಸ್ಟೆಂಟ್. ವಾರ್ಡನ್ ಇದ್ದಂತೆ ಅಂದುಕೊಳ್ಳಬೇಡಿ. ಇಷ್ಟು ಗಂಟೆಗೆ ಒಳಗಿರಬೇಕೆಂಬ ನಿಯಮ ಇಲ್ಲ, ರಾತ್ರಿ ಹಾಜರಿ ಇಲ್ಲ, ಮಗಳು ಎಷ್ಟು ಗಂಟೆಗೆ ಬಂದಳು ಅಂತ ಯಾರೂ ಬರೆದುಕೊಳ್ಳುವುದಿಲ್ಲ. ನೀವು ಫೋನ್ ಮಾಡಿ ಕೇಳಿದರೂ ಹೇಳುವುದಿಲ್ಲ. ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆ ವಿದ್ಯಾರ್ಥಿಯದೇ ಎಂಬುದು 1974ರ ಫರ್ಪಾ ಕಾನೂನಿನ ಸಾರ. ಫೀಸಿನ ಬಾಕಿ, ಅಂಕಪಟ್ಟಿ ನೀವು ನೋಡಬೇಕಾದರೆ ಮಗಳೇ ಯೂನಿವರ್ಸಿಟಿಯ ಪೋರ್ಟಲ್‌ನಲ್ಲಿ ನಿಮಗೆ ಅನುಮತಿ ಕೊಡಬೇಕು. ಹೊರಡುವ ಮುಂಚೆ ಮನೆಯಲ್ಲೇ ಕೂತು ಅದನ್ನು ಮಾಡಿಸಿ. ಅಲ್ಲಿಗೆ ಹೋದಮೇಲೆ ಕೇಳಿದರೆ ಅನುಮಾನಪಟ್ಟ ಹಾಗೆ ಕಾಣುತ್ತದೆ.

ಗಲಾಟೆಗಿಂತ ಹೆಚ್ಚು ಕಾಡುವುದು ಹೋಲಿಕೆ. ಊರಿನಲ್ಲಿ ಮೊದಲ ರ‍್ಯಾಂಕಿನವರೇ ಆಗಿದ್ದ ನೂರಾರು ಮಕ್ಕಳು ಒಂದೇ ಸೂರಿನಡಿ. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ, ಮೊದಲ ಸುತ್ತಿನ ಪರೀಕ್ಷೆ ಮುಗಿದಾಗ, ಹಲವರಿಗೆ ತಾನೇ ಎಲ್ಲರಿಗಿಂತ ಹಿಂದೆ ಅನ್ನಿಸತೊಡಗುತ್ತದೆ. ನಿದ್ದೆ ಕಡಿಮೆ, ಊಟ ತಪ್ಪುವುದು, ಮನೆಗೆ ಫೋನ್ ಮಾಡಿದರೆ ‘ಎಲ್ಲ ಚೆನ್ನಾಗಿದೆ’ ಅನ್ನುವುದು. ಕ್ಯಾಂಪಸ್ಸಿನ ಕೌನ್ಸೆಲಿಂಗ್ ಸೆಂಟರಿಗೆ ಹೋಗುವುದು ಅಲ್ಲಿ ಜ್ವರಕ್ಕೆ ಡಾಕ್ಟರ ಹತ್ತಿರ ಹೋದಷ್ಟೇ ಸಹಜ, ಇದನ್ನು ನೀವೇ ಮೊದಲು ಹೇಳಿ ಕಳಿಸಿ. ತೀರಾ ಸಂಕಟದ ಹೊತ್ತಿಗೆ ಅಮೆರಿಕದಾದ್ಯಂತ 988ಕ್ಕೆ ಕರೆ ಮಾಡಬಹುದು, ಮೆಸೇಜೂ ಕಳಿಸಬಹುದು.

ಅಂಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯವರು ಮೂರು ಬೇರೆ ಬೇರೆ ಗಂಟುಗಳನ್ನು ಒಂದೇ ಅಂದುಕೊಂಡು ಗಾಬರಿಯಾಗುತ್ತಾರೆ.

ಒಂದು, ಆನರ್ಸ್ ಸ್ಥಾನ. ಬ್ಯಾರೆಟ್‌ನಲ್ಲಿ ಉಳಿಯಲು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ (ಎ ಅಂದರೆ 4, ಬಿ 3, ಸಿ 2), 3.25 ಬೇಕು, ಕೊನೆಗೆ ಪ್ರಬಂಧ ಅಥವಾ ಪ್ರಾಜೆಕ್ಟ್ ಕೂಡ. 3.25 ಅಂದರೆ ಎಷ್ಟು ಬಿಗಿ ನೋಡಿ: ತಲಾ 3 ಕ್ರೆಡಿಟ್‌ನ (ಕ್ರೆಡಿಟ್ ಅಂದರೆ ವಿಷಯದ ತೂಕದ ಲೆಕ್ಕ) ಐದು ವಿಷಯ, ಎರಡರಲ್ಲಿ ಎ, ಎರಡರಲ್ಲಿ ಬಿ, ಒಂದರಲ್ಲಿ ಸಿ ಬಂದರೆ ಸರಾಸರಿ 3.2. ಒಂದೇ ಒಂದು ಸಿ ಸಾಕು ಗೆರೆಯ ಕೆಳಗೆ ಇಳಿಸಲು. ಅದೇ ಸಿ ಜಾಗದಲ್ಲಿ ಬಿ ಇದ್ದರೆ 3.4. ಆದ್ದರಿಂದ ಎಲ್ಲದರಲ್ಲೂ ಎ ತೆಗೆಯುವ ಹಟಕ್ಕಿಂತ, ಎಲ್ಲಿ ಸಿ ಬರುವ ಸೂಚನೆಯಿದೆಯೋ ಆ ವಿಷಯಕ್ಕೆ ಮೊದಲ ತಿಂಗಳಲ್ಲೇ ಟ್ಯೂಟರಿಂಗ್ ಸೆಂಟರಿಗೆ ಹೋಗುವುದು ಜಾಣತನ.

ಎರಡು, ರೂಮು. ಅದು ವಸತಿ ವಿಭಾಗದ ಜೊತೆಗಿನ ಕರಾರು, ಸಾಮಾನ್ಯವಾಗಿ ಇಡೀ ಶೈಕ್ಷಣಿಕ ವರ್ಷಕ್ಕೆ, ಅಂದರೆ ಆಗಸ್ಟ್‌ನಿಂದ ಮೇವರೆಗೆ. ಆನರ್ಸ್ ಸ್ಥಾನಕ್ಕೆ ಧಕ್ಕೆ ಬಂದರೆ ಈ ಕರಾರಿಗೆ ಏನಾಗುತ್ತದೆ ಎಂಬುದನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ತಿರುಗಾಮುರುಗಾ ಪ್ರಶ್ನೆಯನ್ನೂ ಕೇಳಬೇಕು: ಮಗಳು ತಾನಾಗೇ ಡಿಸೆಂಬರಿನಲ್ಲಿ ರೂಮು ಬಿಡುತ್ತೇನೆಂದರೆ ಉಳಿದ ಅರ್ಧ ವರ್ಷದ ಬಾಡಿಗೆ ಯಾರದು? ಇಂಥ ಕರಾರುಗಳಲ್ಲಿ ಹೆಚ್ಚಾಗಿ ಅದು ವಿದ್ಯಾರ್ಥಿಯ ಮೇಲೇ ಬೀಳುತ್ತದೆ. ಊಟದ ಮೀಲ್ ಪ್ಲಾನೂ ರೂಮಿಗೆ ಅಂಟಿಕೊಂಡೇ ಬರುತ್ತದೆ, ಆನರ್ಸ್ ಫೀಸು ಅದರ ಮೇಲೆ ಬೇರೆ. ವರ್ಷದ ಖರ್ಚು ಲೆಕ್ಕ ಹಾಕುವಾಗ ಬಾಡಿಗೆ, ಮೀಲ್ ಪ್ಲಾನ್, ಆನರ್ಸ್ ಫೀಸು, ಆರೋಗ್ಯ ವಿಮೆ ನಾಲ್ಕನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ರಜೆಯಲ್ಲಿ ರೂಮು ತೆರೆದಿರುತ್ತದೆಯೇ ಅಂತಲೂ ವಿಚಾರಿಸಿ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್, ಡಿಸೆಂಬರ್ ನಡುವಿನಿಂದ ಜನವರಿಯವರೆಗಿನ ಚಳಿಗಾಲದ ರಜೆ, ಮಾರ್ಚಿನ ಸ್ಪ್ರಿಂಗ್ ಬ್ರೇಕ್: ಮೂರಕ್ಕೂ ಬೇರೆ ಬೇರೆ ನಿಯಮ ಇರಬಹುದು. ರೂಮು ತೆರೆದಿದ್ದರೂ ಊಟದ ಹಾಲ್ ಮುಚ್ಚಿರುವುದುಂಟು.

ಮೂರು, ವೀಸಾ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್ ಓದುತ್ತಿರಬೇಕು. ಆನರ್ಸ್‌ನಲ್ಲಿ ಇದ್ದಾಳೋ ಇಲ್ಲವೋ ವೀಸಾಕ್ಕೆ ಬೇಕಾಗಿಲ್ಲ. ಎಡವಟ್ಟು ಆಗುವುದು ಹೀಗೆ: ಜಿಪಿಎ ಕೆಡಬಾರದು ಅಂತ ಕಷ್ಟದ ವಿಷಯವನ್ನು ನಡುವೆ ಕೈಬಿಡುತ್ತಾರೆ. ಪಕ್ಕದ ರೂಮಿನ ಅಮೆರಿಕನ್ ಹುಡುಗಿ ಹಾಗೆ ಬಿಟ್ಟರೆ ಅವಳ ವಾಸದ ಹಕ್ಕಿಗೆ ಏನೂ ಆಗುವುದಿಲ್ಲ. ನಿಮ್ಮ ಮಗಳು 15 ಕ್ರೆಡಿಟ್ ತೆಗೆದುಕೊಂಡು, ಥಿಯರಿ 3, ಲ್ಯಾಬ್ 1 ಸೇರಿದ ಭೌತಶಾಸ್ತ್ರ ಬಿಟ್ಟರೆ ಉಳಿಯುವುದು 11. ಅನುಮತಿ ಇಲ್ಲದೆ 12ಕ್ಕಿಂತ ಕೆಳಗಿಳಿದರೆ ವೀಸಾ ನಿಯಮ ಮುರಿದಂತೆ. ಪೂರ್ತಿ ಆನ್‌ಲೈನ್ ವಿಷಯಗಳಲ್ಲಿಯೂ ಸೆಮಿಸ್ಟರಿಗೆ ಒಂದನ್ನು, 3 ಕ್ರೆಡಿಟ್‌ವರೆಗೆ ಮಾತ್ರ, ಈ ಹನ್ನೆರಡರಲ್ಲಿ ಎಣಿಸುತ್ತಾರೆ. ಯಾವುದೇ ವಿಷಯದ ಮುಂದೆ ‘ಡ್ರಾಪ್’ ಬಟನ್ ಒತ್ತುವ ಮುಂಚೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಬೇಕು, ಆನರ್ಸ್ ಸಲಹೆಗಾರರನ್ನು ಕೇಳಿದರೆ ಸಾಲದು. ಅವರು ಆನರ್ಸ್ ದೃಷ್ಟಿಯಿಂದ ಸರಿಯಾದ ಸಲಹೆಯನ್ನೇ ಕೊಡುತ್ತಾರೆ, ವೀಸಾ ಅವರ ಕೆಲಸವಲ್ಲ.

ಹೊರಡುವ ಮುಂಚಿನ ಕೆಲಸಗಳಲ್ಲಿ ಎಲ್ಲರೂ ತಡ ಮಾಡುವುದು ಲಸಿಕೆ. ದಡಾರದ ಲಸಿಕೆ ಎರಡು ಡೋಸ್ ಆಗಿದೆ ಎಂಬ ದಾಖಲೆ ಬೇಕು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಶಾಲೆಗಳಲ್ಲಿ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಅಭಿಯಾನ ನಡೆಯಿತು. ನಿಮ್ಮ ಮಗಳಿಗೂ ಆಗ ಚುಚ್ಚಿಸಿರಬಹುದು, ಆದರೆ ಚೀಟಿ ಎಷ್ಟು ಮನೆಗಳಲ್ಲಿ ಉಳಿದಿದೆ? ಸರ್ಕಾರಿ ಎಂಆರ್‌ನಲ್ಲಿ ಮಂಗನಬಾವಿನ ಭಾಗ ಇರುವುದಿಲ್ಲ, ಕೆಲವು ಯೂನಿವರ್ಸಿಟಿಗಳು ಮೂರೂ ಸೇರಿದ ಎಂಎಂಆರ್ ಕೇಳುತ್ತವೆ. ದಾಖಲೆ ಹುಡುಕುವ ಬದಲು ಈಗಲೇ ಎಂಎಂಆರ್ ಎರಡು ಡೋಸ್ ಹಾಕಿಸಿಬಿಡುವುದು ಸುಲಭ, ಆದರೆ ಎರಡರ ನಡುವೆ ಕನಿಷ್ಠ 28 ದಿನ ಅಂತರ ಬೇಕು. ಜುಲೈ ಕೊನೆಗೆ ನೆನಪಾದರೆ ಎರಡನೆಯದು ಅಲ್ಲಿಯೇ, ಡಾಲರಿನಲ್ಲಿ. ಹಾಸ್ಟೆಲ್ ವಾಸಿಗಳಿಗೆ ಮೆನಿಂಜೈಟಿಸ್ ಲಸಿಕೆಯನ್ನೂ ಹಲವು ರಾಜ್ಯಗಳು ಕಡ್ಡಾಯ ಮಾಡಿವೆ. ಕಡ್ಡಾಯ ಇಲ್ಲದ ಕಡೆಯೂ ಹಾಕಿಸಿ, ಒತ್ತೊತ್ತಾಗಿ ಇರುವ ಕಡೆ ಆ ಕಾಯಿಲೆ ಬೇಗ ಹರಡುತ್ತದೆ. ಕ್ಷಯದ ಪರೀಕ್ಷೆ ಕೇಳಿದರೆ ಕೈಮೇಲೆ ಚುಚ್ಚುವ ಪರೀಕ್ಷೆ ಬೇಡ, ಇಗ್ರಾ ರಕ್ತಪರೀಕ್ಷೆ ಮಾಡಿಸಿ. ಹುಟ್ಟಿದಾಗ ಹಾಕಿಸಿದ ಬಿಸಿಜಿಯಿಂದ ಚರ್ಮದ ಪರೀಕ್ಷೆ ಸುಳ್ಳೇ ಪಾಸಿಟಿವ್ ತೋರಿಸಬಹುದು. ರಕ್ತಪರೀಕ್ಷೆಗೆ ಆ ಗೊಂದಲ ಇಲ್ಲ.

ಕುಕ್ಕರ್ ಯಾಕೆ ಬೇಡ? ಮೊದಲನೆಯದಾಗಿ ರೂಮಿನಲ್ಲಿ ಕಾಯಿಸುವ, ಬೇಯಿಸುವ ಉಪಕರಣಗಳಿಗೆ ನಿಷೇಧ ಇರುವುದೇ ಸಾಮಾನ್ಯ, ತಪಾಸಣೆಯಲ್ಲಿ ಸಿಕ್ಕರೆ ತೆಗೆದುಕೊಂಡು ಹೋಗುತ್ತಾರೆ. ಎರಡನೆಯದಾಗಿ ಅದು ಅಲ್ಲಿ ಬೇಯಿಸುವುದೂ ಇಲ್ಲ. ನಮ್ಮದು 230 ವೋಲ್ಟ್, ಅಲ್ಲಿಯದು 120. ವೋಲ್ಟೇಜ್ ಅರ್ಧವಾದರೆ ಕಾವು ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಇಲ್ಲಿನ 1,500 ವ್ಯಾಟ್ ಕುಕ್ಕರ್ ಅಲ್ಲಿ ಸುಮಾರು 400 ವ್ಯಾಟ್ ಕೊಡುತ್ತದೆ. ಅಕ್ಕಿ ನೆನೆಯುತ್ತದೆ, ಅನ್ನ ಆಗುವುದಿಲ್ಲ. ಫೋನ್, ಲ್ಯಾಪ್‌ಟಾಪ್ ಚಾರ್ಜರುಗಳ ಮೇಲೆ ‘100–240’ ಅಂತ ಬರೆದಿದ್ದರೆ ಪ್ಲಗ್ ಅಡಾಪ್ಟರ್ ಒಂದಿದ್ದರೆ ಸಾಕು. ಹೇರ್ ಡ್ರೈಯರ್ ಇಲ್ಲಿಂದ ಬೇಡ. ಅಲ್ಲೇ ಕೊಂಡ ಡ್ರೈಯರ್ ಒಂದೇ 1,500ರಿಂದ 1,875 ವ್ಯಾಟ್ ಎಳೆಯುತ್ತದೆ. ಅಲ್ಲಿನ 15 ಆಂಪಿಯರ್ ಲೈನಿನ ಗರಿಷ್ಠವೇ 1,800. ಅದೇ ಲೈನಿನಲ್ಲಿ ರೂಮ್‌ಮೇಟ್ ಮೈಕ್ರೋವೇವ್ ಹಚ್ಚಿದರೆ ಬ್ರೇಕರ್ ಟ್ರಿಪ್ ಆಗಿ ಕತ್ತಲೆ. ಪವರ್ ಸ್ಟ್ರಿಪ್ ಕೊಳ್ಳುವಾಗ ಸ್ವಂತ ಬ್ರೇಕರ್ ಇರುವ, ಸುರಕ್ಷತೆಯ ಯುಎಲ್ ಗುರುತಿರುವುದನ್ನೇ ಕೊಳ್ಳಲಿ. ಬರೀ ಎಕ್ಸ್‌ಟೆನ್ಷನ್ ವಯರನ್ನು ಬಹಳ ಹಾಸ್ಟೆಲುಗಳು ಒಪ್ಪುವುದಿಲ್ಲ.

ಮೈಕ್ರೋವೇವ್‌ನಲ್ಲೇ ಅನ್ನ ಚೆನ್ನಾಗಿ ಆಗುತ್ತದೆ. ಒಂದು ಕಪ್ ಅಕ್ಕಿ ತೊಳೆದು ಎರಡು ಕಪ್ ನೀರು, ಪಾತ್ರೆ ಮಾತ್ರ ಅದರ ಮೂರರಷ್ಟು ದೊಡ್ಡದಿರಲಿ, ಇಲ್ಲದಿದ್ದರೆ ಗಂಜಿಯೆಲ್ಲ ತಟ್ಟೆಗೆ ಉಕ್ಕುತ್ತದೆ. ಮುಚ್ಚದೆ ಪೂರ್ಣ ಶಕ್ತಿಯಲ್ಲಿ ಹತ್ತು ನಿಮಿಷ, ಆಮೇಲೆ ಅರ್ಧ ಶಕ್ತಿಯಲ್ಲಿ ಎಂಟರಿಂದ ಹತ್ತು ನಿಮಿಷ, ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ಹಾಸ್ಟೆಲಿನ ಸಣ್ಣ 700 ವ್ಯಾಟ್ ಮೈಕ್ರೋವೇವ್ ಆದರೆ ಇನ್ನೂ ಮೂರು ನಾಲ್ಕು ನಿಮಿಷ ಹಿಡಿಯುತ್ತದೆ. ಒಗ್ಗರಣೆಯ ಆಸೆ ಬೇಡ. ಒಣಮೆಣಸಿನಕಾಯಿ ಹೊಗೆಗೆ ಸ್ಮೋಕ್ ಡಿಟೆಕ್ಟರ್ ಕೂಗಿದರೆ ನೂರಾರು ಜನ ಮೆಟ್ಟಿಲಿಳಿದು ಅಂಗಳದಲ್ಲಿ ನಿಲ್ಲಬೇಕು, ಅಗ್ನಿಶಾಮಕದವರು ಬರುತ್ತಾರೆ. ಒಗ್ಗರಣೆ ಹಾಕಿಯೇ ಮಾಡಿದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾರಿನ ಪುಡಿ ಒಯ್ಯಲಿ. ಹಸಿ ಕರಿಬೇವು, ಅಕ್ಕಿ ಬ್ಯಾಗಿನಲ್ಲಿ ಹಾಕಬೇಡಿ, ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ. ತಿನ್ನುವ ಪದಾರ್ಥ ಏನೇ ಇದ್ದರೂ ಅಲ್ಲಿ ‘ಇದೆ’ ಅಂತಲೇ ಹೇಳಬೇಕು. ದೇವರ ಮುಂದೆ ಹಚ್ಚಲು ಅಂತ ಕರ್ಪೂರ ಕಟ್ಟಿಕೊಡುವ ಅಜ್ಜಿಯರಿರುತ್ತಾರೆ. ಅದು ಬೆಂಕಿ ಹೊತ್ತುವ ವಸ್ತು, ವಿಮಾನದಲ್ಲೇ ನಿಷಿದ್ಧ. ಹಾಸ್ಟೆಲಿನಲ್ಲಿ ಊದಿನಕಡ್ಡಿ, ಮೇಣದಬತ್ತಿ, ಎಣ್ಣೆದೀಪಕ್ಕೂ ಅನುಮತಿ ಸಿಗುವುದಿಲ್ಲ. ದೀಪಾವಳಿಗೆ ಬ್ಯಾಟರಿ ಹಣತೆ.

ಊಟದ ಹಾಲ್‌ನಲ್ಲಿ ಸಸ್ಯಾಹಾರಕ್ಕೆ ಬರವಿಲ್ಲ, ಆದರೆ ಮೊಟ್ಟೆ ಬೇಡದವರಿಗೆ ‘ವೆಜಿಟೇರಿಯನ್’ ಚೀಟಿ ನೆಚ್ಚುವಂತಿಲ್ಲ, ಅದರಲ್ಲಿ ಮೊಟ್ಟೆ ಇರಬಹುದು. ‘ವೀಗನ್’ ಚೀಟಿ ಇದ್ದರೆ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ, ಅದರ ಮೇಲೆ ಮೊಸರು, ಚೀಸ್ ತಾನೇ ಹಾಕಿಕೊಳ್ಳಲಿ. ಟೊಮೆಟೊ ಸೂಪಿನಲ್ಲಿ ಕೋಳಿ ರಸ, ಸೀಸರ್ ಸಲಾಡಿನ ಡ್ರೆಸ್ಸಿಂಗ್‌ನಲ್ಲಿ ಮೀನು, ಮಾರ್ಷ್‌ಮೆಲೋದಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ಮಾಡಿದ ಜೆಲಟಿನ್ ಅಡಗಿರಬಹುದು. ‘ಇದಕ್ಕೆ ಯಾವ ಬ್ರಾತ್ (ಬೇಯಿಸಿದ ರಸ) ಹಾಕಿದ್ದೀರಿ’ ಅಂತ ಕೌಂಟರಿನಲ್ಲಿ ಕೇಳುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಲಿ. ಮೀಲ್ ಪ್ಲಾನ್ ಆರಿಸುವಾಗ ಅತಿ ದೊಡ್ಡದನ್ನು ಕೊಡಿಸಬೇಡಿ. ವಾರದ ಲೆಕ್ಕದ ಸ್ವೈಪ್‌ಗಳು, ಅಂದರೆ ಕಾರ್ಡ್ ಉಜ್ಜಿ ಪಡೆಯುವ ಊಟಗಳು, ವಾರ ಮುಗಿದರೆ ಹೋದವು, ಹದಿನೆಂಟರ ವಯಸ್ಸಿನವರು ಬೆಳಗಿನ ತಿಂಡಿಗೆ ಏಳುವುದು ಅಪರೂಪ.

ರೂಮ್‌ಮೇಟ್ ಜೊತೆ ಮೊದಲ ವಾರದಲ್ಲೇ ಒಂದು ಒಪ್ಪಂದದ ಹಾಳೆ ತುಂಬಿಸುತ್ತಾರೆ: ಮಲಗುವ ಹೊತ್ತು, ಎಸಿ ಎಷ್ಟಕ್ಕೆ, ಅತಿಥಿಗಳು, ಯಾರ ತಿಂಡಿ ಯಾರು ಮುಟ್ಟಬಹುದು. ನಮ್ಮವರು ಎಲ್ಲಕ್ಕೂ ‘ಪರವಾಗಿಲ್ಲ’ ಎಂದು ಟಿಕ್ ಹಾಕಿ, ಎರಡು ತಿಂಗಳಾದ ಮೇಲೆ ಕುದಿಯತೊಡಗುತ್ತಾರೆ. ಅತಿಥಿ ರಾತ್ರಿ ಉಳಿಯುವ ಪ್ರಶ್ನೆಗೆ ಇಷ್ಟವಿಲ್ಲದಿದ್ದರೆ ಇಲ್ಲ ಎಂದೇ ಬರೆಯಬೇಕು. ಆ ಹಾಳೆ ಇದ್ದರೆ ಸಿಎ ಮಧ್ಯಸ್ಥಿಕೆ ಮಾಡಬಲ್ಲರು, ಇಲ್ಲದಿದ್ದರೆ ಇಬ್ಬರ ಮಾತು ಕೇಳಿ ಕೈಚೆಲ್ಲುತ್ತಾರೆ. ನಿಮ್ಮ ಕಡೆಯಿಂದಲೂ ಒಂದು ಜಾಗ್ರತೆ ಬೇಕು. ಟೆಂಪಿಯಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ವರ್ಷವಿಡೀ ನಮಗೂ ಅವರಿಗೂ ಹನ್ನೆರಡೂವರೆ ಗಂಟೆ ಅಂತರ. ನೀವು ಮಧ್ಯಾಹ್ನ ಊಟ ಮುಗಿಸಿ ಒಂದು ಗಂಟೆಗೆ ವಿಡಿಯೊ ಕಾಲ್ ಮಾಡಿದರೆ ಅಲ್ಲಿ ರಾತ್ರಿ ಹನ್ನೆರಡೂವರೆ, ಪಕ್ಕದ ಮಂಚದಲ್ಲಿ ಇನ್ನೊಬ್ಬಳು ಮಲಗಿರುತ್ತಾಳೆ. ನಿಮ್ಮ ಬೆಳಗಿನ ಏಳು ಅಂದರೆ ಅವರ ಹಿಂದಿನ ಸಂಜೆ ಆರೂವರೆ. ಅದೇ ಸರಿಯಾದ ಹೊತ್ತು.

ರೂಮಿಗೆ ಹೋದ ದಿನವೇ, ಪೆಟ್ಟಿಗೆ ಬಿಚ್ಚುವ ಮುಂಚೆ, ಗೋಡೆ, ಹಾಸಿಗೆ, ಕಿಟಕಿ ಪರದೆ, ಬಾಗಿಲ ಹಿಂಬದಿ, ಬಚ್ಚಲ ಮೂಲೆಯ ಫೋಟೊ ತೆಗೆದು ರೂಮಿನ ಸ್ಥಿತಿಯ ಫಾರಂ ಜೊತೆ ಕಳಿಸಬೇಕು. ಮೇ ತಿಂಗಳಲ್ಲಿ ಬಿಡುವಾಗ ಹಳೆಯ ಗೀರಿಗೆ ದಂಡ ಕಟ್ಟದಿರಲು ಇದೊಂದೇ ಆಧಾರ. ಮಂಚ ‘ಟ್ವಿನ್ ಎಕ್ಸ್‌ಎಲ್’ ಅಳತೆ, 80 ಇಂಚು ಉದ್ದ. ಇಲ್ಲಿನ 60×90 ಇಂಚಿನ ಒಂಟಿ ಚಾದರ ಎರಡು ತುದಿಗೆ ಐದೈದು ಇಂಚು ಉಳಿದು ಸರಿಹೋಗುತ್ತದೆ. ಬಟ್ಟೆ ಒಣಗಿಸಲು ಹಗ್ಗ ಕಟ್ಟುವ ನಮ್ಮ ಅಭ್ಯಾಸ ಒಂದು ದುಬಾರಿ ಅಪಘಾತಕ್ಕೆ ದಾರಿ. ಚಾವಣಿಯಲ್ಲಿ ಕಾಣುವ ಸಣ್ಣ ಲೋಹದ ಮೂತಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್. ಒಳಗೆ ಬೆರಳ ತುದಿಯಷ್ಟು ಗಾಜಿನ ಕೊಳವೆ ಇರುತ್ತದೆ. ಸುಮಾರು 68 ಡಿಗ್ರಿ ಕಾವಿಗೆ ಒಡೆಯುವಂತೆ ಮಾಡಿರುತ್ತಾರೆ, ಹ್ಯಾಂಗರ್ ತೂಗಿಹಾಕಿ ಎಳೆದರೂ ಒಡೆಯುತ್ತದೆ. ಒಡೆದರೆ ನಿಮಿಷಕ್ಕೆ ಐವತ್ತು ಲೀಟರಿಗೂ ಹೆಚ್ಚು, ಪೈಪಿನಲ್ಲಿ ನಿಂತ ಕಪ್ಪು ನೀರು. ಮೂರು ಮಹಡಿ ತೊಯ್ಯುತ್ತದೆ, ಬಿಲ್ಲು ಒಡೆದವರಿಗೆ. ಟೆಂಪಿಯ ಒಣ ಹವೆಗೆ ಕುರ್ಚಿಯ ಬೆನ್ನಿಗೆ ಹಾಕಿದ ಬಟ್ಟೆಯೂ ಬೇಗ ಆರುತ್ತದೆ. ಆಗಸ್ಟಿನಲ್ಲಿ ಅಲ್ಲಿ ಹಗಲು 40 ಡಿಗ್ರಿ ದಾಟುವುದು ಮಾಮೂಲು, ನೀರಿನ ಬಾಟಲಿ, ತುಟಿಗೆ ಮೈಗೆ ಹಚ್ಚುವ ಕ್ರೀಮು ಮೊದಲ ದಿನದಿಂದಲೇ ಬೇಕು. ಉಣ್ಣೆ ಬಟ್ಟೆಯ ರಾಶಿ ಬೇಡ, ಡಿಸೆಂಬರ್ ರಾತ್ರಿಗಳಿಗೆ ಒಂದು ಜಾಕೆಟ್ ಸಾಕು.

ಎರಡನೇ ವರ್ಷದ ರೂಮಿನ ತೀರ್ಮಾನ ಮೊದಲ ವರ್ಷದ ನಡುವೆಯೇ ಕತ್ತಿನ ಮೇಲೆ ಬಂದು ಕೂರುತ್ತದೆ, ಗೆಳತಿಯರು ಅಪಾರ್ಟ್‌ಮೆಂಟ್ ಗುಂಪು ಕಟ್ಟಲು ಶುರುಮಾಡುತ್ತಾರೆ. ಅಡುಗೆಮನೆ ಇರುವ ಮನೆ ಸಿಗುತ್ತದೆ ಎಂಬುದೊಂದೇ ಕಾರಣಕ್ಕೆ ಹನ್ನೆರಡು ತಿಂಗಳ ಬಾಡಿಗೆ ಕರಾರಿಗೆ ಸಹಿ ಹಾಕುವುದು ಬೇಡ. ಬೇಸಿಗೆಯ ಮೂರು ತಿಂಗಳು ಊರಿಗೆ ಬಂದರೂ ಬಾಡಿಗೆ ಓಡುತ್ತಿರುತ್ತದೆ. ಸಿಎ ಕೆಲಸ ಸಿಕ್ಕರೆ ವಸತಿಯ ಖರ್ಚು ಉಳಿಯಬಹುದು. ಆದರೆ ಎಫ್-1ನವರು ತರಗತಿ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ಈ ಕೆಲಸದ ಗಂಟೆಗಳೂ ಅದರಲ್ಲಿ ಸೇರುತ್ತವೆಯೇ ಅಂತ ಒಪ್ಪಿಕೊಳ್ಳುವ ಮುಂಚೆ ಅಂತರರಾಷ್ಟ್ರೀಯ ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಲಿ. ಎಲ್ಲಿಗೇ ಹೋದರೂ, ಅದೇ ಕ್ಯಾಂಪಸ್ಸಿನ ಪಕ್ಕದ ಕಟ್ಟಡಕ್ಕೆ ಹೋದರೂ, ಹೊಸ ವಿಳಾಸವನ್ನು ಹತ್ತು ದಿನದೊಳಗೆ ಯೂನಿವರ್ಸಿಟಿಯ ದಾಖಲೆಯಲ್ಲಿ ಬದಲಿಸಬೇಕು.